ಹೆಪ್ಪು ಹಿಂದಕ್ಕೆ ಕೊಡಬಾರದು

ಟಪ್.

ಒಣಗಿದ ಹುಣಸೆಹಣ್ಣಿನ ಸಿಪ್ಪೆಯನ್ನು ಹೆಬ್ಬೆರಳಲ್ಲಿ ಒತ್ತಿ ಒಡೆದರೆ ಬರುತ್ತದಲ್ಲ, ಅಂಥ ಸದ್ದು. ಅಂಗೈ ಅಗಲದ ಒಂದು ಸರ್ಕ್ಯೂಟ್ ಬೋರ್ಡು, ಅದರಿಂದ ತಂತಿಯಲ್ಲಿ ನೇತುಬಿದ್ದ ಪುಟ್ಟ ಸ್ಪೀಕರು, ಎರಡನ್ನೂ ಇಟ್ಟಿದ್ದ ಒಂದು ಹಳೆಯ ಬಿಸ್ಕತ್ತಿನ ಪೆಟ್ಟಿಗೆ. ಸ್ವಿಚ್ ಹಾಕಿದ ಕೂಡಲೇ ಸ್ಪೀಕರು ಒಮ್ಮೆ ಟಪ್ ಎನ್ನುತ್ತಿತ್ತು. ಆಮೇಲೆ ಮಾತು ಬರಬೇಕಾಗಿತ್ತು. ಬರುತ್ತಿರಲಿಲ್ಲ. ಆ ವರ್ಷವೆಲ್ಲ ನಾನು ಮಧುಗಿರಿಯಿಂದ ಶಿರಾಕ್ಕೆ ಬಸ್ಸಿನಲ್ಲಿ ಓಡಾಡಿದ್ದು, ಆ ಟಪ್ ಆದ ಮೇಲೆ ಇವತ್ತಾದರೂ ಏನಾದರೂ ಕೇಳಿಸೀತೇ ಎಂದು.

"ಏನಮ್ಮ, ಶಿರಾದಾಗೆ ಸೈಟ್ ಗೀಟ್ ತಗಂಡಿದ್ದೀರಾ?" ಎಂದು ಕಂಡಕ್ಟರು ಕೇಳುತ್ತಿದ್ದ. "ವಾರ ವಾರ ಬತ್ತಾನೇ ಇದ್ದೀರಲ್ಲ."

"ಗೆಳತಿ ಇದ್ದಾಳಪ್ಪ."

"ಬುಡಿ ಮತ್ತೆ. ಈ ಬಿಸ್ಲಾಗೆ ಸೈಟಿಗಾದ್ರೆ ಯಾರೂ ಬರಾಕಿಲ್ಲ."

ಆ ಗೆಳತಿ ಮತ್ತು ನಾನು ತುಮಕೂರಿನ ಒಂದೇ ಕಾನ್ವೆಂಟಿನ ಹಾಸ್ಟೆಲಿನಲ್ಲಿ ಬೆಳೆದವರು. ಆಮೇಲೆ ಬೆಂಗಳೂರಿನ ಒಂದೇ ಕಂಪನಿಯ ಒಂದೇ ಕೋಣೆಯಲ್ಲಿ, ಕೂದಲು ಬೆಳ್ಳಗಾಗುವ ತನಕ ಪ್ರೋಗ್ರಾಮ್ ಬರೆದವರು. ನಮ್ಮದು ಸಿಸ್ಟಮ್ಸ್ ಕೆಲಸ, ಅಂದರೆ ಪಾಯ ಹಾಕುವವರ ಕೆಲಸ. ಗೃಹಪ್ರವೇಶಕ್ಕೆ ಬಂದವರು ಯಾರೂ 'ಆಹಾ, ಎಂಥ ಪಾಯ' ಅನ್ನುವುದಿಲ್ಲ. ರಿಟೈರ್ ಆದ ಮೇಲೆ ನಾನು ಮಧುಗಿರಿಗೆ ಬಂದೆ, ಕಿಟಕಿ ತೆಗೆದರೆ ಆಕಾಶಕ್ಕೆ ಬದಲು ಬೆಟ್ಟ ಕಾಣುವ ಬೀದಿಗೆ. ಅವಳು ಶಿರಾಕ್ಕೆ ಹೋದಳು. ಅಲ್ಲಿ ತೀರಿಹೋದ ಅಣ್ಣನ ಮನೆಯಿತ್ತು, ಭಾಭಿ ಇದ್ದರು.

ಹೋಗಿ ಸ್ವಲ್ಪ ಕಾಲಕ್ಕೇ ಅವಳ ಕಣ್ಣಿಗೆ ಗ್ಲಾಕೋಮಾ ಎಂದರು. ನೇರ ಎದುರಿಗಿರುವುದು ಕಾಣುತ್ತದೆ, ಸುತ್ತಲಿನದು ಇಲ್ಲ. "ಬಳೆಯೊಳಗಿಂದ ನೋಡ್ದಂಗೆ ಕಣೇ," ಎಂದಳು ಅವಳು, ಯಾರದೋ ಸುದ್ದಿ ಹೇಳುವಂತೆ. "ಆ ಬಳೆ ಸೈಜನ್ನ ಯಾರೋ ಚಿಕ್ಕದು ಮಾಡ್ತಾನೇ ಇದ್ದಾರೆ." ಹೋದ ನೋಟ ವಾಪಸ್ ಬರುವುದಿಲ್ಲ, ಉಳಿದದ್ದನ್ನು ಕೆಲಕಾಲ ಕಾಪಾಡಬಹುದು ಎಂದು ಡಾಕ್ಟರು ಹೇಳಿದ್ದರು. ಅದನ್ನು ಕೇಳಿ ಬಂದ ದಿನವೇ ಅವಳು ನನಗೆ ಫೋನ್ ಮಾಡಿ, ಪುಸ್ತಕ ಗಟ್ಟಿಯಾಗಿ ಓದುವ ಒಂದು ಪೆಟ್ಟಿಗೆ ಮಾಡೋಣ ಬಾ ಎಂದಳು.

"ಫೋನೇ ಓದುತ್ತಲ್ಲೇ ಈಗ?"

"ಆ ಫೋನಿನ ಹೆಂಗಸು ನನಗೇನಾಗ್ಬೇಕು? ಕತ್ತಲೇಲಿ ಗುರುತಿಲ್ಲದೋಳ ಜೊತೆ ಇರು ಅಂತೀಯಾ?"

"ಹಾಗಾದ್ರೆ ನನ್ನ ಧ್ವನಿ ಹಾಕೋಣ."

"ತೌಬಾ! ನಿನ್ನ ಕನ್ನಡ ಸೀಮೆಸುಣ್ಣದ ವಾಸನೆ ಹೊಡಿಯುತ್ತೆ. ನನ್ನ ಧ್ವನೀನೇ ಇರ್ಲಿ. ಕೂತು ಕೇಳ್ತಿದ್ರೆ ನಾನೇ ಓದ್ತಿದ್ದೀನಿ ಅನ್ನಿಸ್ಬೇಕು."

ಹಾಗೆ ಅವಳು ಕಾಗುಣಿತದಿಂದ ಶುರುಮಾಡಿ ತನ್ನ ಧ್ವನಿಯನ್ನು ತುಂಡು ತುಂಡಾಗಿ ಮೈಕಿಗೆ ಕೊಟ್ಟಳು. ಸ್ವಿಚ್ ಹಾಕಿದಾಗ ಪೆಟ್ಟಿಗೆ ಮೊದಲು ಏನು ಹೇಳಬೇಕು ಎಂದು ನಾನು ಕೇಳಿದೆ. ವೆಲ್‌ಕಮ್ ಎನ್ನಲೇ, ನಮಸ್ಕಾರ ಎನ್ನಲೇ? ಅವಳು ಯೋಚಿಸಲೇ ಇಲ್ಲ. "ಬಂದೆ ಅನ್ಲಿ. ಯಾರಾದ್ರೂ ಕರೆದ್ರೆ ಒಳಗಿಂದ ನಾವು ಮೊದ್ಲು ಕೂಗೋದು ಅದೇ ತಾನೆ?"

ಬಳೆ ಪೂರ್ತಿ ಮುಚ್ಚುವ ಮೊದಲು ಪೆಟ್ಟಿಗೆ ಬಂದೆ ಎನ್ನಬೇಕು. ಅವಳಿಗೆ ಬೇಕಾಗಿದ್ದುದು ಅಷ್ಟೇ. ಕಣ್ಣು ಹೋದ ಮೇಲೆ ಕೋಡಿನಲ್ಲಿ ತಪ್ಪು ಹುಡುಕುವುದು ಅವಳಿಂದ ಆಗದು. ಅವಳಿಲ್ಲದೆ ನನ್ನಿಂದಲೂ ಆಗದು. ನಾವಿಬ್ಬರೂ ಬಹಳ ಕಾಲದಿಂದ ಒಂದೇ ತಲೆಯ ಎರಡು ಹೋಳು.

ಧ್ವನಿಯನ್ನು ಒಂದು ಫೈಲಿನಲ್ಲಿ, ಓದುವ ಪ್ರೋಗ್ರಾಮನ್ನು ಇನ್ನೊಂದರಲ್ಲಿ ಇಟ್ಟಿದ್ದೆವು. ನೆಗಡಿಯ ಧ್ವನಿ, ಹಬ್ಬದ ಧ್ವನಿ ಎಂದು ಬೇಕಾದ ಹಾಗೆ ಬದಲಾಯಿಸಬಹುದು ಎನ್ನುವುದು ಅವಳ ಜೋಕು. ಹೀಗೆ ಬೇರೆ ಬೇರೆ ಇರುವ ತುಂಡುಗಳನ್ನು ಪ್ರೋಗ್ರಾಮ್ ಎದ್ದೇಳುವ ಹೊತ್ತಿಗೆ ಹುಡುಕಿ ತಂದು, ಯಾವುದಕ್ಕೆ ಯಾವುದೆಂದು ಗಂಟು ಹಾಕುವ ಒಂದು ಸಣ್ಣ ಪ್ರೋಗ್ರಾಮ್ ಇರುತ್ತದೆ. ಅದನ್ನು ಡೈನಮಿಕ್ ಲಿಂಕರ್ ಎನ್ನುತ್ತೇವೆ. ಸಿದ್ಧವಾಗಿ ಸಿಗುವ ಲಿಂಕರ್ ನಮ್ಮ ಪುಟ್ಟ ಬೋರ್ಡಿಗೆ ಹಿಡಿಸಲಿಲ್ಲ, ನಾವೇ ಬರೆದೆವು.

ಲಿಂಕರ್‌ನ ಮೊದಲ ಕ್ಷಣಗಳಷ್ಟು ದಿಕ್ಕಿಲ್ಲದ ಹೊತ್ತು ಕಂಪ್ಯೂಟರಿನಲ್ಲಿ ಬೇರೆ ಇಲ್ಲ. ತಂದ ತುಂಡುಗಳ ಗುರುತು ಇಟ್ಟುಕೊಳ್ಳಲು ಅದಕ್ಕೆ ಮೆಮೊರಿ ಬೇಕು. ಮೆಮೊರಿಯನ್ನು ಅಳೆದು ಕೊಟ್ಟು, ಮುಗಿದ ಮೇಲೆ ವಾಪಸ್ ಇಸಿದುಕೊಳ್ಳುವ ಉಗ್ರಾಣದವನ ಹೆಸರು ಮ್ಯಾಲಕ್. ಆದರೆ ಆ ಮ್ಯಾಲಕ್ ಇರುವುದೇ ಇನ್ನೂ ತಂದಿರದ ಒಂದು ತುಂಡಿನೊಳಗೆ. ಅವನನ್ನು ಕರೆತರಲು ಮೆಮೊರಿ ಬೇಕು, ಮೆಮೊರಿ ಕೊಡಲು ಅವನು ಬೇಕು. ಅದಕ್ಕೇ ಲಿಂಕರ್ ಸೊಂಟದಲ್ಲಿ ಒಂದಿಷ್ಟು ಜಾಗ ಕಟ್ಟಿಕೊಂಡೇ ಹುಟ್ಟುತ್ತದೆ. ಬೇಕಾದಾಗಲೆಲ್ಲ ಅದರ ಮುಂದಿನಿಂದ ಒಂದು ಚೂರು ಕತ್ತರಿಸಿಕೊಳ್ಳುತ್ತದೆ, ಲೆಕ್ಕ ಗಿಕ್ಕ ಏನೂ ಇಲ್ಲ. ಮ್ಯಾಲಕ್ ಬಂದು ಕೂತ ಮೇಲೆ ಎಲ್ಲ ಅವನ ಹತ್ತಿರ. ನಮ್ಮ ಕೋಡಿನಲ್ಲಿ ಆ ಮೊದಲಿನ ಜಾಗದ ಹೆಸರು 'ಅರ್ಲಿ' ಎಂದಿತ್ತು.

ಪೆಟ್ಟಿಗೆ ಸಾಯುತ್ತಿದ್ದುದು ಇಲ್ಲೇ ಎಲ್ಲೋ. ದಿನಕ್ಕೊಂದು ಕಡೆ ಸಾಯುತ್ತಿತ್ತು. ಏನಾಯಿತೆಂದು ಪರದೆಯ ಮೇಲೆ ಬರೆದು ಹೇಳಲು, ಬರೆಯುವ ತುಂಡೂ ಇನ್ನೂ ಗಂಟು ಬಿದ್ದಿರುತ್ತಿರಲಿಲ್ಲ. ಬಾಯಿ ಬರುವ ಮುಂಚಿನ ಸಾವು ಅದು. ಬೆಳಿಗ್ಗೆ ಬೆಳಕು ಚೆನ್ನಾಗಿರುವಾಗ ಅವಳ ಮನೆಯ ಪಡಸಾಲೆಯಲ್ಲಿ ಕೂರುತ್ತಿದ್ದೆವು. ಪರದೆಯ ಮೇಲೆ ಅಕ್ಷರಗಳನ್ನು ಕರಿಹಲಗೆಯ ಮೇಲೆ ಬರೆದಷ್ಟು ದಪ್ಪ ಮಾಡಿ, ಅವಳು ಒಂದೊಂದೇ ಪದವನ್ನು ಆ ಬಳೆಯೊಳಕ್ಕೆ ಎಳೆದುಕೊಂಡು ಓದುತ್ತಿದ್ದಳು. ಸುಸ್ತಾದಾಗ ನಾನು ಓದುವುದು, ಅವಳು ಕಣ್ಣು ಮುಚ್ಚಿ ಕೇಳುವುದು. ವಾರ ಕಳೆದಂತೆ ನಾನು ಓದುವುದೇ ಹೆಚ್ಚಾಯಿತು.

ಮ್ಯಾಲಕ್ ಬಂದ ಮೇಲೆ, ಅದಕ್ಕೂ ಮೊದಲು ತೆಗೆದುಕೊಂಡಿದ್ದನ್ನೆಲ್ಲ ಅವನಿಗೆ ಒಪ್ಪಿಸುವ ಒಂದು ಚಿಕ್ಕ ಭಾಗವನ್ನೂ ಬರೆದಿಟ್ಟಿದ್ದೆವು. ಬರೆಯುವಾಗ ಇಬ್ಬರಿಗೂ ಅನುಮಾನವೇ ಬರಲಿಲ್ಲ. ಹಾಸ್ಟೆಲಿನಲ್ಲಿ ಸಿಸ್ಟರ್ ಹೇಳಿಕೊಟ್ಟ ಮೊದಲ ಪಾಠ ಅದು: ವಾಟ್ ಯು ಬಾರೋ, ಯು ರಿಟರ್ನ್, ಗರ್ಲ್ಸ್. ಗುಂಡಿ ಹಾಕಿಕೊಳ್ಳಲು ಒಂದು ಸೂಜಿ ತೆಗೆದುಕೊಂಡರೂ ಸಂಜೆಯ ಪ್ರೇಯರ್‌ಗೆ ಮುಂಚೆ ಅದು ಡಬ್ಬಿಯಲ್ಲಿರಬೇಕು. ಇಡೀ ಕೋಡನ್ನು ಎಷ್ಟು ಸಲ ತಿರುವಿದರೂ, ಆ ಭಾಗ ಬಂದಾಗ ಇಬ್ಬರೂ ಮೆಚ್ಚಿಕೊಂಡು ಮುಂದಕ್ಕೆ ಹೋಗುತ್ತಿದ್ದೆವು. ಸೋ ಟೈಡಿ!

ಇಲ್ಲಿ ನಮ್ಮಮ್ಮನ ಮಾತು ಹೇಳಬೇಕು. ಹಾಸ್ಟೆಲಿನ ದಿನಗಳಲ್ಲಿ ಒಮ್ಮೆ ರಜೆಗೆಂದು ಗೆಳತಿ ನನ್ನ ಜೊತೆ ಮಧುಗಿರಿಗೆ ಬಂದಿದ್ದಳು. ನಮ್ಮ ಮನೆಯ ಮೊಸರು ಅವಳಿಗೆ ಬಹಳ ಹಿಡಿಸಿತು. ಹೊರಡುವಾಗ ಅಮ್ಮ ಒಂದು ಸ್ಟೀಲ್ ಡಬ್ಬಿಯಲ್ಲಿ ಹೆಪ್ಪು ಹಾಕಿಕೊಟ್ಟರು. ಮುಂದಿನ ರಜೆಗೆ ಬಂದಾಗ ಅವಳು ಆ ಡಬ್ಬಿಯ ತುಂಬ ಮೊಸರು ತಂದು, ಕಾನ್ವೆಂಟಿನ ಹುಡುಗಿಯ ಹಾಗೆ ನೆಟ್ಟಗೆ ನಿಂತು, "ಆಂಟಿ, ನೀವು ಕೊಟ್ಟಿದ್ದ ಹೆಪ್ಪು," ಎಂದು ಚಾಚಿದಳು. ಅಮ್ಮ ಕೈ ಹಿಂದಕ್ಕೆ ಎಳೆದುಕೊಂಡರು.

"ಅಯ್ಯೋ ಬುಡಮ್ಮ, ಹೆಪ್ಪ ಯಾರಾನ ವಾಪಸ್ ಕೊಡ್ತಾರಾ? ಅದೇನ್ ಸಾಲಾನಾ? ಹಿಂದಕ್ಕೆ ಇಸ್ಕಂಡ್ರೆ ಈ ಮನೆ ಮೊಸ್ರೆಲ್ಲ ಕೆಟ್ಟೋಯ್ತದೆ ಕಣಮ್ಮ."

"ಬರೀ ಡಬ್ಬಿ ಕೊಡಬಾರ್ದು ಅಂತ ಅಮ್ಮಿ ಹೇಳಿದ್ರು ಆಂಟಿ."

"ಬರೀ ಡಬ್ಬಿ ಬ್ಯಾಡ, ಸಕ್ರೆ ಹಾಕ್ಕಂಡ್ ಬಾ. ಹೆಪ್ಪು ಹೋದ್ ಮನೇಲೇ ಇರ್ಬೇಕು, ಹೆಂಗಾರ ಇರ್ಲಿ."

ಆ ಮೊಸರನ್ನು ಅವಳು ನಮ್ಮ ಹಿತ್ತಲಲ್ಲಿ ಕೂತು ಒಬ್ಬಳೇ ಬೆರಳಲ್ಲಿ ತಿಂದಳು. ಆಮೇಲೆ ಬೆಂಗಳೂರಿನಲ್ಲಿ ನಾನು ಏನನ್ನಾದರೂ ವಾಪಸ್ ಕೊಡಲು ಹೋದರೆ ಸಾಕು, ಛತ್ರಿಯೋ ಪೆನ್ನೋ, "ಬುಡಮ್ಮ, ಅದೇನ್ ಸಾಲಾನಾ?" ಎಂದು ಥೇಟ್ ಅಮ್ಮನ ಧ್ವನಿ ಮಾಡುತ್ತಿದ್ದಳು. ಅಮ್ಮ ಹೋದ ಮೇಲೂ ಬಹಳ ಕಾಲ ಅಮ್ಮನ ಧ್ವನಿ ಅವಳ ಗಂಟಲಲ್ಲಿತ್ತು.

ಮತ್ತೆ ಶಿರಾಕ್ಕೆ ಬರುತ್ತೇನೆ. ಒಂದು ಮಧ್ಯಾಹ್ನ ಊಟದ ಹೊತ್ತು. ಬೆಳಗಿನಿಂದ ಹತ್ತಾರು ಸಲ ಟಪ್ ಆಗಿತ್ತು. ಅವಳು ಬೇಸತ್ತು, ತಟ್ಟೆಯ ಮೇಲೆ ಬೆರಳಾಡಿಸುತ್ತ ಪಲ್ಯ ಎಲ್ಲಿದೆ ಎಂದು ಹುಡುಕುತ್ತಿದ್ದಳು. ಹಿಂದಿನ ವಾರ ನಾನು ಭಾಭಿಗೆ ಹೆಪ್ಪು ತಂದುಕೊಟ್ಟಿದ್ದೆ. ಭಾಭಿ ಅದೇ ಡಬ್ಬಿಯ ತುಂಬ ಮೊಸರು ಹಾಕಿ ನನ್ನ ಮುಂದಿಟ್ಟು, "ತಗೊಳ್ಳಿ, ನಿಮ್ಮ ಹೆಪ್ಪು ನಿಮಗೇ," ಎಂದರು.

"ಅರೆ ಭಾಭಿ, ಕೊಡಬೇಡಿ!" ಎಂದಳು ಅವಳು, ತಟ್ಟೆಯಿಂದ ತಲೆ ಎತ್ತದೆ. "ಇವರಮ್ಮ ಎದ್ದು ಬರ್ತಾರೆ. ಅಯ್ಯೋ ಬುಡಮ್ಮ, ಹೆಪ್ಪ ಯಾರಾನ ವಾಪಸ್..."

ಮಾತು ಅಲ್ಲಿಗೇ ನಿಂತಿತು. ಬೆರಳೂ ನಿಂತಿತು. ನಾನು ಏನೋ ಗಂಟಲಿಗೆ ಸಿಕ್ಕಿತು ಎಂದುಕೊಂಡೆ.

"ಲೇ," ಎಂದಳು ಮೆಲ್ಲಗೆ. "ನಾವು ಹೆಪ್ಪು ವಾಪಸ್ ಕೊಡ್ತಿದ್ದೀವಿ ಕಣೇ."

"ಏನೇ?"

"ಅರ್ಲಿದು! ಅದು ಮ್ಯಾಲಕ್ ಕೊಟ್ಟಿದ್ದಲ್ಲ. ಅವನು ಹುಟ್ಟೋಕೆ ಮುಂಚಿಂದು. ನಾವು ಸಿಸ್ಟರ್ ಮುಂದೆ ನಿಂತಂಗೆ ನಿಂತ್ಕೊಂಡು, ತಗೋ ನಿಂದು ಅಂತ ಅವನಿಗೆ ಕೊಡ್ತಿದ್ದೀವಿ. ಅವನೂ ಪೆದ್ದ, ತನ್ನದೇ ಅಂದ್ಕೊಂಡು ಉಗ್ರಾಣಕ್ಕೆ ಸೇರಿಸ್ಕೊಳ್ತಿದ್ದಾನೆ, ಅವನ ಲೆಕ್ಕವೆಲ್ಲ ತಪ್ತಿದೆ. ಮೊಸರೆಲ್ಲ ಕೆಡದೆ ಇನ್ನೇನಾಗುತ್ತೆ?"

ಎಂಜಲು ಕೈಯಲ್ಲೇ ಎದ್ದಳು. "ತಟ್ಟೆ ಬಿಟ್ಟು ಏಳ್ತಾರಾ ಯಾರಾದ್ರೂ?" ಎಂದು ಭಾಭಿ ಗದರಿದರು. ಆ ಟೈಡಿಯಾದ ಭಾಗವನ್ನು ನಾನು ಅಳಿಸಿದೆ. ಅವಳು ಪಕ್ಕದಲ್ಲಿ ಕೂತು, ಅರ್ಲಿ ಎಂದಿದ್ದ ಕಡೆಯೆಲ್ಲ ಹೆಪ್ಪು ಎಂದು ಹೆಸರು ಬದಲಾಯಿಸಿದಳು, ಒಂದೊಂದೇ ಅಕ್ಷರವನ್ನು ಬಳೆಯೊಳಗೆ ಹಿಡಿದು, ತಾನೇ ಟೈಪ್ ಮಾಡಿ. ನಾನು ಮಾಡುತ್ತೇನೆಂದರೆ ಕೀಬೋರ್ಡು ಬಿಡಲಿಲ್ಲ. ಮೇಲೆ ಒಂದು ಸಾಲು ಕಾಮೆಂಟ್ ಬರೆದಳು: ಹೋದ ಮನೆಯಲ್ಲೇ ಇರಲಿ.

ಸ್ವಿಚ್ ಹಾಕಿದೆ.

ಟಪ್.

ಬಂದೆ.

ಅಡುಗೆಮನೆಯಿಂದ ಭಾಭಿ, "ಎಲ್ಲಿಗೆ ಹೋಗಿದ್ದೆ, ಬಂದೆ ಅಂತೀಯ?" ಎಂದು ಕೂಗಿದರು. ಅವಳು ಪೆಟ್ಟಿಗೆಯ ಕಡೆಗೆ ಮುಖ ಮಾಡಿ, ಯಾರೋ ಬಾಗಿಲಲ್ಲಿ ನಿಂತಿರುವಂತೆ ನೋಡುತ್ತಿದ್ದಳು. ಆ ಹೊತ್ತಿಗೆ ಬಳೆ ಕಾಸಿನಷ್ಟಾಗಿತ್ತು.

ಈಗ ಆ ಪೆಟ್ಟಿಗೆ ನನ್ನ ಮನೆಯಲ್ಲಿದೆ. ಅವಳನ್ನು ತೆಗೆದುಕೊಂಡು ಹೋದದ್ದು ಕಣ್ಣಲ್ಲ, ಎದೆ. ಒಂದು ಬೆಳಿಗ್ಗೆ ಏಳಲಿಲ್ಲವಂತೆ. ನನಗೆ ಸುದ್ದಿ ಮುಟ್ಟಿ, ಬಸ್ಸು ಸಿಕ್ಕಿ, ಶಿರಾ ಸೇರುವಷ್ಟರಲ್ಲಿ ಮಣ್ಣೂ ಆಗಿಹೋಗಿತ್ತು. "ನನಗೆ ಇದನ್ನ ಕೇಳೋಕೆ ಆಗಲ್ಲಮ್ಮ, ನೀವೇ ಇಟ್ಕೊಳ್ಳಿ," ಎಂದು ಭಾಭಿ ಪೆಟ್ಟಿಗೆ ಕೊಟ್ಟರು. ಕೊಡುವಾಗ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಬರಿದು ಕೊಡಬಾರದೆಂದು ಅದರೊಳಗೆ ಒಂದು ಸಣ್ಣ ಪೊಟ್ಟಣ ಸಕ್ಕರೆ ಇಟ್ಟರು.

ಪೆಟ್ಟಿಗೆಯನ್ನು ನಾನು ಪ್ಲಗ್ಗಿನಿಂದ ತೆಗೆದಿಲ್ಲ. ಪಾವಗಡದ ಕಡೆ ಕಣ್ಣು ಹಾಯುವಷ್ಟು ದೂರ ಗಾಜಿನ ಹಲಗೆ ಹಾಸಿ ಬಿಸಿಲಿನಲ್ಲಿ ಕರೆಂಟು ಮಾಡುತ್ತಾರೆ, ನಮ್ಮ ಬೀದಿಯಲ್ಲಿ ಮಾತ್ರ ಅದು ಹೋಗಿ ಬಂದು ಮಾಡುತ್ತಲೇ ಇರುತ್ತದೆ. ಬಂದಾಗಲೆಲ್ಲ ನಡುಮನೆಯಲ್ಲಿ ಟಪ್ ಎನ್ನುತ್ತದೆ. ಟಪ್ಪಿಗೂ ಮಾತಿಗೂ ನಡುವೆ ಒಂದು ಉಸಿರಿನಷ್ಟು ಬಿಡುವಿದೆ. ಆ ಬಿಡುವಿನಲ್ಲಿ ಲಿಂಕರ್ ತನ್ನ ಹೆಪ್ಪನ್ನು ಕತ್ತರಿಸಿಕೊಂಡು, ಕತ್ತಲಲ್ಲಿ ತುಂಡು ತುಂಡಾಗಿ ಬಿದ್ದಿರುವ ಅವಳ ಧ್ವನಿಯನ್ನು ಹುಡುಕುತ್ತಿದೆ ಎಂದು ನನಗೆ ಗೊತ್ತು. ಗೊತ್ತಿದ್ದೂ ಒಗ್ಗರಣೆ ಸೌಟು ಹಿಡಿದು ನಿಂತುಬಿಡುತ್ತೇನೆ, ಇವತ್ತು ಬರುತ್ತದೋ ಇಲ್ಲವೋ ಎಂದು.

ಬಂದೆ.

"ಬಾ," ಎನ್ನುತ್ತೇನೆ. ಮನೆಗೆಲಸದವಳು ಮೊದಮೊದಲು ತಿರುಗಿ ನೋಡುತ್ತಿದ್ದಳು, ಈಗ ನೋಡುವುದಿಲ್ಲ. ಓದಲು ನಾನು ಅದಕ್ಕೆ ಏನನ್ನೂ ಕೊಟ್ಟಿಲ್ಲ. ಆ ಒಂದು ಮಾತಿನ ಆಚೆಗೆ ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ಅವಳನ್ನು ಕೊನೆಯ ಸಲ ನೋಡಿದ್ದು ಒಂದು ಸಾಧಾರಣ ಗುರುವಾರ. ಬಳೆ ಪೂರ್ತಿ ಮುಚ್ಚಿ ಕೆಲವು ತಿಂಗಳಾಗಿತ್ತು. ಇಡೀ ಬೆಳಿಗ್ಗೆ ಅವಳ ಧ್ವನಿ ಅವಳಿಗೇ ಪುಸ್ತಕ ಓದಿ ಹೇಳಿತ್ತು, ಅವಳು ತನ್ನ ಉಚ್ಚಾರಣೆಯನ್ನು ತಾನೇ ಬೈದುಕೊಳ್ಳುತ್ತ ಕೇಳಿದ್ದಳು. ನಾನು ಹೊರಟಾಗ ಗೋಡೆ ಹಿಡಿದುಕೊಂಡು ಗೇಟಿನ ತನಕ ಬಂದಳು.

"ಬರ್ತೀನಿ ಕಣೇ," ಎಂದೆ.

"ಬಾ ಬಾ. ಬರ್ತಾ ಹೆಪ್ಪು ತಾ. ಭಾಭಿ ಮತ್ತೆ ಎಲ್ಲಾ ಖಾಲಿ ಮಾಡಿ ಕೂತಿದ್ದಾರೆ."

ಅಷ್ಟರಲ್ಲಿ ಒಂದು ಆಟೋ ಒತ್ತರಿಸಿಕೊಂಡು ಬಂತು. ನಾನು ಜಾಗ ಬಿಟ್ಟು ಬೀದಿಯ ಆಚೆ ಬದಿಗೆ ಸರಿದೆ. ತಿರುಗಿ ನೋಡಿದರೆ ಅವಳು ಕೈ ಬೀಸುತ್ತಿದ್ದಳು, ನಾನು ಮೊದಲು ನಿಂತಿದ್ದ, ಈಗ ಯಾರೂ ಇಲ್ಲದ, ನೀರಿನ ಡ್ರಮ್ಮಿನ ಪಕ್ಕದ ಜಾಗಕ್ಕೆ, ಮುಖದ ತುಂಬ ನಗು ಇಟ್ಟುಕೊಂಡು. ಬಸ್ಸಿಗೆ ಹೊತ್ತಾಗುತ್ತಿತ್ತು. ನಾನು ಸದ್ದಾಗದಂತೆ ಬೀದಿ ದಾಟಿ ವಾಪಸ್ ಬಂದು, ಅವಳು ಕೈ ಇಳಿಸುವ ತನಕ ಆ ಡ್ರಮ್ಮಿನ ಪಕ್ಕದಲ್ಲಿ ನಿಂತೆ.