ಅಂಗಡಿ ಬಾಗಿಲ ಜೋಲಿ

ಮೊನ್ನೆ ಮೊಮ್ಮಗಳು ತನ್ನ ಕೂಸಿಗೆಂದು ಬಜೆ ತೇಯುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೊತ್ತತ್ತಿಯ ಅಂಗಡಿಯಣ್ಣ ಕಣ್ಣೆದುರಿಗೆ ಬಂದು ಕೂತ. ಹಾಳಾದವನು, ಸತ್ತು ಮಣ್ಣಾಗಿ ಎಷ್ಟೋ ಕಾಲವಾದರೂ ನನ್ನನ್ನು ಬಿಟ್ಟು ಹೋಗಿಲ್ಲ.

ನಾವು ಹೆಂಗಸರೆಲ್ಲ ಅವನನ್ನು ಅಣ್ಣಾ ಅನ್ನುತ್ತಿದ್ದೆವು, ಅವನು ನಮ್ಮನ್ನು ತಂಗ್ಯವ್ವ ಅನ್ನುತ್ತಿದ್ದ. ಆಗ ಯುದ್ಧದ ಕಾಲ. ನಾಲೆ ನೀರು ಬಂದು ಊರ ಸುತ್ತ ಗದ್ದೆಯಾಗಿತ್ತು, ನಾಟಿಗೆ ಆಳು ಸಾಲುತ್ತಿರಲಿಲ್ಲ. ಬಾಣಂತನ ಮುಗಿಸಿದ ನಾನೂ ಕೂಸನ್ನು ಎತ್ತಿಕೊಂಡು ಹೋಗಬೇಕಾಯಿತು. ಬದುವಿನ ಹೊಂಗೆ ಮರಕ್ಕೆ ಹಳೇ ಸೀರೆಯ ಜೋಲಿ ಕಟ್ಟಿ ಮಲಗಿಸುತ್ತಿದ್ದೆ. ಕೂಸು ಅತ್ತರೆ ಸಾಲು ಹಿಂದೆ ಬೀಳುತ್ತದೆ, ಗದ್ದೆಯವರು ಬೈಯುತ್ತಾರೆ. ಅದಕ್ಕೇ ಅಂಗಡಿಯಣ್ಣನ ಬಾಲಗುಳಿಗೆ. ಬೆಳಿಗ್ಗೆ ಎದೆಹಾಲಿನಲ್ಲಿ ತೇಯ್ದು ನೆಕ್ಕಿಸಿದರೆ ಮಧ್ಯಾಹ್ನದವರೆಗೂ ಸದ್ದಿಲ್ಲ. ಏನು ಹಾಕುತ್ತೀಯ ಅಂತ ಕೇಳಿದ್ದಕ್ಕೆ, ಬಜೆ, ಜಾಯಿಕಾಯಿ ಅಷ್ಟೇ ಎಂದು ದೇವರ ಪಟದ ಕಡೆ ಕೈ ತೋರಿಸಿದ್ದ.

ಗುಳಿಗೆ ತಪ್ಪಿದ ದಿನ ನನ್ನ ಮಗ ಬೆವರಿ, ನಡುಗಿ, ಚೀರಿ ಪ್ರಾಣ ಹಿಂಡುತ್ತಿದ್ದ. ಮತ್ತೆ ಕೊಟ್ಟರೆ ಸುಮ್ಮನೆ. ನಮ್ಮ ಕೇರಿಯ ಕೂಸುಗಳೆಲ್ಲ ಹಾಗೆಯೇ... ಕಡ್ಡಿಯಂಥ ಕೈಕಾಲು, ಅರೆಮುಚ್ಚಿದ ಕಣ್ಣು. ಎಂಥ ಸಾಧು ಮಕ್ಕಳು ಅಂತ ಊರು ಹೊಗಳುತ್ತಿತ್ತು.

ಒಂದು ಮಧ್ಯಾಹ್ನ ಹಾಲೂಡಿಸಲು ಎತ್ತಿಕೊಂಡರೆ ಮಗ ಏಳಲಿಲ್ಲ. ಗಾಡಿ ಕಟ್ಟಿ ಮಂಡ್ಯದ ಆಸ್ಪತ್ರೆಗೆ ಓಡಿದೆವು. ನರ್ಸಮ್ಮ ರೆಪ್ಪೆ ಬಿಡಿಸಿ ನೋಡಿದಳು, ಕಣ್ಣಿನ ಪಾಪೆ ಸಾಸಿವೆಯಷ್ಟಾಗಿತ್ತು.

“ಅಫೀಮು ಕಣಮ್ಮ ಇದು. ಯಾರು ಕೊಟ್ಟೋರು?”

ನಾನು ಬಾಯಿ ತೆರೆಯುವಷ್ಟರಲ್ಲಿ ಅವನ ಉಸಿರು ನಿಂತಿತ್ತು.

ಊರ ಯಜಮಾನರು ಅಂಗಡಿಯಣ್ಣನನ್ನು ಕರೆಸಿ ಕೇಳಿದರೆ, ಹೆಚ್ಚು ತಿನ್ನಿಸಿದವಳು ಅವಳೇ ಅಂದುಬಿಟ್ಟ. ಅವರೂ ಹೂಂ ಅಂದು ಎದ್ದು ಹೋದರು.

ಬರಿ ಜೋಲಿ ತೂಗಿದರೆ ಆ ಮನೆಗೆ ಕೇಡು ಅಂತ ನಮ್ಮ ಕಡೆ ನಂಬಿಕೆ. ಮಗ ಮಲಗಿದ್ದ ಜೋಲಿಯನ್ನು ಅವನ ಅಂಗಡಿ ಬಾಗಿಲ ತೊಲೆಗೆ ಕಟ್ಟಿದೆ. ದಿನಾ ಗದ್ದೆಗೆ ಹೋಗುವ ಮುಂಚೆ ಅಲ್ಲಿ ನಿಂತು, ಜೋಜೋ ಹಾಡಿ ತೂಗಿದೆ. ಸತ್ತ ಕೂಸಿನ ಜೋಲಿ ಮುಟ್ಟಲು ಅವನಿಗೆ ಧೈರ್ಯವಿಲ್ಲ, ಅದರಡಿ ನುಸುಳಲು ಗಿರಾಕಿಗಳಿಗೆ ಮನಸ್ಸಿಲ್ಲ. ಕೇರಿಯ ತಾಯಂದಿರು ಗುಳಿಗೆ ಬಿಟ್ಟರು. ಕೂಸುಗಳು ಚೀರಿ ಚೀರಿ ಬದುಕಿಕೊಂಡವು.

ಕೊನೆಗೊಂದು ದಿನ ಕೈ ಮುಗಿದುಕೊಂಡು ಬಂದ.

“ತಂಗ್ಯವ್ವ, ಬಿಚ್ಕೊಂಡೋಗು. ಕಣ್ ಮುಚ್ಚುದ್ರೆ ಜೋಲಿನೇ ಕಾಣ್ತದೆ, ನಿದ್ದೆನೇ ಇಲ್ಲ.”

“ನಿನ್ ಗುಳಿಗೆ ಐತಲ್ಲಣ್ಣ, ತಿನ್ನು. ಚೆನ್ನಾಗಿ ನಿದ್ದೆ ಬತ್ತದೆ,” ಅಂದೆ.

ತಿಂದ. ಮೊದಲು ಒಂದು, ಆಮೇಲೆ ಹಿಡಿಹಿಡಿ... ಸುಗ್ಗಿ ಬರುವ ಹೊತ್ತಿಗೆ ಅಂಗಡಿ ಬರಿದಾಗಿತ್ತು. ಜೊಲ್ಲು ಸುರಿಸುತ್ತ, ನೊಣ ಓಡಿಸಲೂ ಕೈ ಏಳದೆ ಜಗಲಿಯಲ್ಲಿ ಬಿದ್ದಿರುತ್ತಿದ್ದ. ನಾನು ಅವನನ್ನು ದಾಟಿಕೊಂಡೇ ಹೋಗಿ ತೂಗಿದೆ. ಮಾಡಿದ್ದುಣ್ಣೋ ಮಹರಾಯ! ಅಲ್ಲೇ ಸತ್ತ. ಅವತ್ತು ಜೋಲಿ ಬಿಚ್ಚಿಕೊಂಡು ಮನೆಗೆ ಬಂದೆ. ಅವನ ಮೇಲೆ ನನಗೆ ಮರುಕ ಹುಟ್ಟಲಿಲ್ಲ, ಇವತ್ತೂ ಇಲ್ಲ.

ಈಗ ನಾನಿರುವ ಗುತ್ತಲಿನ ಈ ಮನೆಯಲ್ಲಿ ಮರಿಮಗು ಸೂರು ಹಾರಿಹೋಗುವಂತೆ ಅಳುತ್ತದೆ. ಸುಮ್ಮನಿರಿಸಲು ಏನಾದರೂ ಕೊಡಲಾ ಅಜ್ಜಿ ಅಂತ ಮೊಮ್ಮಗಳು ಕೇಳಿದಳು.

“ಅಳ್ಲಿ ಬುಡವ್ವ,” ಅಂದು ಕೂಸನ್ನು ಎದೆಗವಚಿಕೊಂಡು ಕೂತೆ. ನನ್ನ ಮಗನೂ ಆ ಮಧ್ಯಾಹ್ನ ಹೀಗೆ ಒಂದು ಸಲ ಅತ್ತಿದ್ದರೆ ಸಾಕಿತ್ತು...