ಮೊದಲ ನಾಯಿಯ ಪುರಾವೆ

ಗುಟ್ಟು ಬಿಟ್ಟುಕೊಡದೆ ಸತ್ಯವನ್ನು ಸಾಬೀತು ಮಾಡುವ ಪುರಾವೆಗಳನ್ನು ಕಂಪ್ಯೂಟರಿನಲ್ಲಿ ಕಟ್ಟಲು ಒಂದು ಟೂಲ್ ಬಂದಿತ್ತು. ಹತ್ತು ಸಾಲು ಕೋಡ್ ಬರೆದರೆ ಸಾಕು ಎಂದು ಅದನ್ನು ಮಾಡಿದವರು ಜಂಬ ಕೊಚ್ಚಿಕೊಂಡಿದ್ದರು. ಬನಹಟ್ಟಿಯ ಮನೆಯಲ್ಲಿ ಕೂತು ಕೋಡ್ ಬರೆಯುವ ನಾನು ನಂಬಿದೆ. ನನ್ನಂಥ ದಡ್ಡಿಯರಿಗಾಗಿಯೇ ಅಂಥ ಜಾಹೀರಾತು ಬರೆಯುತ್ತಾರೆ.

ಅಪ್ಪನ ಗೆಳೆಯರೊಬ್ಬರು ಮುಧೋಳದಲ್ಲಿ ಬೇಟೆನಾಯಿ ಸಾಕುತ್ತಾರೆ. ನಾನು ಕಾಕಾ ಅನ್ನುತ್ತೇನೆ. ಯಾವ ಹೆಣ್ಣಿಗೆ ಯಾವ ಗಂಡು ಕೂಡಿಸಿದ್ದು ಎಂದು ಅವರು ಯಾರಿಗೂ ಹೇಳುವವರಲ್ಲ. ಗಿರಾಕಿಗಳು ಮಾತ್ರ ತಳಿ ಅಸಲಿಯೇ ಎಂದು ಜೀವ ತಿನ್ನುತ್ತಿದ್ದರು. ಇದಕ್ಕೆ ನನ್ನಲ್ಲಿ ಮದ್ದಿದೆ ಎಂದು ಹೋದೆ. ಮರಿಯ ಪುರಾವೆ ತಾಯಿ-ತಂದೆಯ ಪುರಾವೆಗಳನ್ನು ಪರೀಕ್ಷಿಸುತ್ತದೆ, ಅವು ತಮ್ಮ ಹಿಂದಿನವನ್ನು ಪರೀಕ್ಷಿಸಿರುತ್ತವೆ, ಕೊನೆಗೆ ಮೊಬೈಲಿನಲ್ಲಿ ಒಂದು ಹಸಿರು ಗುರುತು ಬರುತ್ತದೆ ಎಂದು ವಿವರಿಸಿದೆ.

"ಎಲ್ಲಾಕ್ಕಿಂತ ಮೊದಲನೇ ನಾಯಿಗಿ ಸಾಕ್ಷಿ ಯಾರಬೇ?" ಅಂದರು ಕಾಕಾ.

ಅವರ ಮನೆಯಲ್ಲಿ ನಾಯಿ ಈದರೆ, ಮರಿ ಕಣ್ಣು ಬಿಡುವ ಮೊದಲೇ ಓಣಿಯ ನಾಲ್ಕು ಮಂದಿ ಹಿರಿಯರನ್ನು ಕರೆಸಿ ತೋರಿಸುತ್ತಿದ್ದರು. ನನಗೆ ಒಳಗೊಳಗೇ ನಗು. ಅದನ್ನೆಲ್ಲ ಟೂಲ್ ನೋಡಿಕೊಳ್ಳುತ್ತದೆ ಅಂದೆ. ಅದರ ಸ್ಯಾಂಪಲ್ ಕೋಡಿನಲ್ಲಿ, ಹಿಂದಿನ ಪುರಾವೆಯಿಲ್ಲದ ಮೊದಲನೆಯದಾದರೆ ಏನನ್ನೂ ಪರೀಕ್ಷಿಸಬೇಡ ಎಂಬ ಸಾಲಿತ್ತು. ಓದದೆ ಎತ್ತಿ ಅಂಟಿಸಿದೆ.

ಸುತ್ತಲಿನ ನಾಯಿ ಸಾಕುವವರೆಲ್ಲ ನಾನು ಕಟ್ಟಿದ್ದನ್ನೇ ಬಳಸತೊಡಗಿದರು. ಗಿರಾಕಿಗಳು ನಾಯಿ ನೋಡುವುದು ಬಿಟ್ಟು ಮೊಬೈಲ್ ನೋಡತೊಡಗಿದರು. ಆಮೇಲೆ ಜಮಖಂಡಿಯ ಒಬ್ಬ ತನ್ನ ಬೆರಕೆ ಮರಿಗಳಿಗೆಲ್ಲ 'ಇದೇ ಮೊದಲನೆಯದು' ಎಂದು ತುಂಬಿ ಹಸಿರು ಗುರುತು ಪಡೆದ. ಬೀದಿನಾಯಿಗೂ ಸಿಗುತ್ತಿತ್ತು. ಟೂಲ್ ಮಾಡಿದ ಮಹಾಶಯರಿಗೆ ಬರೆದೆ. ಮೊದಲನೆಯದನ್ನು ಪರೀಕ್ಷಿಸುವುದು ಬಳಸುವವರ ಹೊಣೆ, ಕೈಪಿಡಿಯ ಕೊನೆಯಲ್ಲಿ ಹೇಳಿದ್ದೇವೆ ಎಂದು ಉತ್ತರ ಬಂತು. ಥೂ, ನಾಚಿಕೆಗೆಟ್ಟವರು. ಕೈಪಿಡಿ ತೆರೆದು ನೋಡದ ನಾನೇನು ಕಡಿಮೆ? ಕೋಡ್ ತಿದ್ದಿದೆ. ಆದರೆ ಎಲ್ಲ ಗುಟ್ಟಾಗಿದ್ದರಿಂದ, ಹಳೆಯ ಗುರುತುಗಳಲ್ಲಿ ಅಸಲಿ ಯಾವುದು, ಬೆರಕೆ ಯಾವುದು ಎಂದು ನನಗೇ ತಿಳಿಯುತ್ತಿರಲಿಲ್ಲ; ಎಲ್ಲವೂ ಹಾಗೇ ಉಳಿದವು.

ಮುಧೋಳಕ್ಕೆ ಹೋಗಿ ಕಾಕಾ ಅವರಿಗೆ ಎಲ್ಲ ಹೇಳಿದೆ. ಬೈಯಲಿಲ್ಲ.

"ಅಂಥಾವರ ಸಾಲಿನ್ಯಾಗ ನನ್ನ ನಾಯಿ ಬ್ಯಾಡ. ತಗದಬಿಡು."

ಅಲ್ಲೇ ಕೂತು ಅವರ ನಾಯಿಗಳ ಹಸಿರು ಗುರುತನ್ನೆಲ್ಲ ತೆಗೆದೆ. ನಾನಿನ್ನೂ ಅಲ್ಲಿರುವಾಗಲೇ ಬೀಳಗಿಯಿಂದ ಗಿರಾಕಿ ಬಂದ. ಮರಿ ಎತ್ತಿಕೊಂಡ, ಮೊಬೈಲ್ ನೋಡಿದ, ಮರಿಯನ್ನು ಕೆಳಗಿಟ್ಟ. ಜಮಖಂಡಿ ಬಸ್ಸು ಎಷ್ಟೊತ್ತಿಗೆ ಎಂದು ಕಾಕಾ ಅವರನ್ನೇ ಕೇಳಿದ. ಕಾಕಾ ಹೇಳಿದರು.