ಅಮ್ಮನಿಗೆ ಕೆಂಪೆಲೆ ತೋರಿಸಲು ಹೋದದ್ದು

ನಾನು ಕಾರು ಕಲಿತದ್ದು ನಲವತ್ತಾರನೇ ವಯಸ್ಸಿನಲ್ಲಿ. ಲೈಸೆನ್ಸ್ ಕೈಗೆ ಬಂದ ಮೇಲೂ ಗಂಗೊಳ್ಳಿಯಿಂದ ಕುಂದಾಪುರದ ಸಂತೆಗೆ ಹೋಗಿ ಬಂದದ್ದು ಬಿಟ್ಟರೆ ಬೇರೆಲ್ಲಿಗೂ ಹೋದವಳಲ್ಲ. ಹೀಗಿರುವಾಗ ಕಳೆದ ಜನವರಿಯಲ್ಲಿ ಅಮ್ಮ ಒಂದು ಬೇಡಿಕೆ ಇಟ್ಟಳು.

ಮುಂಬೈಯಲ್ಲಿರುವ ತಮ್ಮ ಅವಳ ಫೋನಿಗೆ ಒಂದು ವಿಡಿಯೋ ಕಳಿಸಿದ್ದ. ಯಾವುದೋ ಚಳಿ ದೇಶದ ಬೆಟ್ಟದ ರಸ್ತೆ. ಎರಡೂ ಬದಿಯ ಮರಗಳೆಲ್ಲ ಕೆಂಪು, ಹಳದಿ, ಕೇಸರಿ. ಎಲೆ ಉದುರುವುದನ್ನು ನೋಡಲೆಂದೇ ಜನ ಕಾರಿನಲ್ಲಿ ಮೆಲ್ಲಗೆ ಸಾಗುತ್ತಿದ್ದರು. ಮೂವತ್ತು ವರ್ಷ ಬುಟ್ಟಿ ಹೊತ್ತು ಮೀನು ಮಾರಿದ ಅಮ್ಮ ಅದನ್ನು ನಾಲ್ಕು ದಿನ ನೋಡಿ, ಐದನೇ ದಿನ ಹೇಳಿದಳು:

"ಹುಟ್ಟಿದಾಗಿಂದ ಬರೀ ಕಡಲೇ ಕಂಡದ್ದ್. ಬೆನ್ನ್ ಹಿಂದಿನ ಗುಡ್ಡಿ ಕಾಂಬುಕೆ ಪುರ್ಸೊತ್ತೇ ಆಯ್ಲಿಲ್ಲೆ. ನೀ ಹ್ಯಾಂಗೂ ಕಾರ್ ಕಲ್ತಿದ್ದೆ ಅಲ್ದಾ, ಘಾಟಿ ಹತ್ಸ್."

ನಮ್ಮ ಕಾಡಿನಲ್ಲಿ ಎಲೆ ಹಾಗೆಲ್ಲ ಕೆಂಪಾಗುವುದಿಲ್ಲ ಎಂದು ನನ್ನ ಗಂಡ ಹೇಳಿ ನೋಡಿದರು. "ನೀವ್ ಹೋಯಿ ಕಂಡಿದ್ರ್ಯಾ?" ಎಂದು ಅಮ್ಮ ಕೇಳಿದಳು. ಅವರು ಹೋಗಿ ನೋಡಿರಲಿಲ್ಲ.

ಭಾನುವಾರ ಹೊರಟೆವು. ಪಕ್ಕದಲ್ಲಿ ಕುಳಿತ ಗಂಡ ಹೆಮ್ಮಾಡಿ ದಾಟುವುದರೊಳಗೆ ಇಲ್ಲದ ಬ್ರೇಕನ್ನು ಇಪ್ಪತ್ತು ಸಲ ತುಳಿದಿರಬೇಕು. ಕೊಲ್ಲೂರು ದಾಟಿ ಘಾಟಿ ಹತ್ತತೊಡಗಿದಾಗ ನಾನು ಮೊದಲನೇ ಗೇರಿನಿಂದ ಮೇಲೆ ಹೋಗುವ ಧೈರ್ಯ ಮಾಡಲಿಲ್ಲ. ಹಿಂದೆ ಒಂದು ಬಸ್ಸು, ಎರಡು ಜೀಪು, ಒಂದು ಲಾರಿ ಸಾಲುಗಟ್ಟಿದವು. ಅವರು ಹಾರ್ನ್ ಹೊಡೆದಷ್ಟೂ ಹಿಂದಿನ ಸೀಟಿನಲ್ಲಿದ್ದ ಅಮ್ಮ ತಿರುಗಿ ಕೈ ಬೀಸುತ್ತಿದ್ದಳು. "ಎಲ್ಲ ಕೆಂಪೆಲೆ ಕಾಂಬುಕೇ ಬಪ್ಪುದ್ ಕಾಣ್. ನಿಧಾನ ಹೋಪ."

ಕಾಡು ಎತ್ತ ನೋಡಿದರೂ ಹಸಿರು. ಘಾಟಿಯ ತಲೆಯ ಮೇಲಿನ ಚಹಾ ಅಂಗಡಿಯವರನ್ನು ಅಮ್ಮ ಕೇಳಿಯೇ ಬಿಟ್ಟಳು, ಕೆಂಪೆಲೆ ಎಲ್ಲಿದೆ ಎಂದು.

"ಇಲ್ಲಿ ಕೆಂಪು ಅಂದ್ರೆ ರಸ್ತೆ ಧೂಳು ಮಾತ್ರ ಅಮ್ಮ," ಎಂದರು ಅವರು.

ಅಮ್ಮ ಘಾಟಿ ಇಳಿಯುವಾಗ ಇಡೀ ದಾರಿ ಕಣ್ಣು ಮುಚ್ಚಿ ಕುಳಿತಿದ್ದಳು. ನನಗೆ ಬೇಸರವಾಯಿತು. ಆ ಬೇಸರದಲ್ಲೋ ಏನೋ, ಜಡ್ಕಲ್ ಬಳಿ ತಪ್ಪು ತಿರುವು ತೆಗೆದುಕೊಂಡು ಮುದೂರಿನ ರಸ್ತೆಗೆ ಬಿದ್ದೆ. ಗಂಡ ಬೈಯಲು ಬಾಯಿ ತೆರೆದವರು ಹಾಗೇ ಉಳಿದರು.

ಗುಡ್ಡದ ಇಳಿಜಾರಿನ ಉದ್ದಕ್ಕೂ ರಬ್ಬರ್ ತೋಟ. ಎಲೆಗಳೆಲ್ಲ ತಾಮ್ರ, ಕೆಂಪು, ಅರಶಿನ ಬಣ್ಣ. ಬಿಸಿಲು ಬಿದ್ದು ಹೊಳೆಯುತ್ತಿದ್ದವು. ಎದುರಿಗೆ ಬೇರೆ ಗಾಡಿ ಬಾರದಿದ್ದದ್ದು ಪುಣ್ಯ, ಏಕೆಂದರೆ ನಾನು ಕಾರನ್ನು ರಸ್ತೆಯ ನಡುವೆಯೇ ನಿಲ್ಲಿಸಿದ್ದೆ.

ಅಮ್ಮ ಇಳಿದು ಫೋನ್ ಎತ್ತಿ ವಿಡಿಯೋ ಮಾಡತೊಡಗಿದಳು. ತೋಟದ ಯಜಮಾನರು ಓಡಿ ಬಂದರು.

"ಎಂತ, ಸರ್ವೆಯಾ? ರಸ್ತೆ ಅಗಲ ಮಾಡ್ತ್ರಾ?"

"ಎಲೆ ಕಾಂಬುಕೆ ಬಂದದ್ದ್," ಎಂದಳು ಅಮ್ಮ.

"ಎಲೆ ಕಂಡ್ ಎಂತ ಮಾಡ್ತ್ರಿ?"

"ಎಂತ ಇಲ್ಲೆ. ಸುಮ್ನೆ ಕಾಂಬುದ್, ಅಷ್ಟೇ."

ಅವರಿಗೆ ನಂಬಿಕೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಬಂದ ಮೇಲೆ ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ತರಿಸಿ ಮರದಡಿ ಹಾಕಿಸಿದರು. ಅಮ್ಮ ರಾಣಿಯ ಹಾಗೆ ಕುಳಿತಳು. ಆದರೆ ಗಾಳಿ ಇರಲಿಲ್ಲ. ಒಂದೊಂದೇ ಎಲೆ ಬೀಳುತ್ತಿತ್ತು. ತಮ್ಮ ಕಳಿಸಿದ ವಿಡಿಯೋದಲ್ಲಾದರೆ ಮಳೆಯಂತೆ ಉದುರುತ್ತಿದ್ದವು.

"ಹ್ವಾಯ್, ಒಂಚೂರ್ ಮರ ಅಲ್ಲಾಡ್ಸಿ ಕಾಂಬ," ಎಂದು ಅಮ್ಮ ಯಜಮಾನರಿಗೇ ಹೇಳಿದಳು.

ನಾನು ನಾಚಿಕೆಯಿಂದ ಕಾರಿನೊಳಗೆ ಹೋಗುವವಳಿದ್ದೆ. ಅವರು ಮಾತ್ರ ಗಂಭೀರವಾಗಿ ಪಂಚೆ ಎತ್ತಿ ಕಟ್ಟಿ ಒಂದು ಮರ ಹಿಡಿದರು. ಮರ ಮಿಸುಕಲಿಲ್ಲ. "ನೀವ್ ಒಂದ್ ಕೈ ಕೊಡಿ," ಎಂದರು ನನ್ನ ಗಂಡನಿಗೆ. ಬ್ರೇಕ್ ತುಳಿದು ಸುಸ್ತಾಗಿದ್ದ ನನ್ನ ಗಂಡ, ಆ ಅಪರಿಚಿತರ ಜೊತೆ ಸೇರಿ ಎಳೆಯದೊಂದು ಮರವನ್ನು ಅಪ್ಪಿ ಅಲುಗಾಡಿಸಿದರು. ಕೆಂಪೆಲೆಗಳು ಅಮ್ಮನ ತಲೆ, ಹೆಗಲು, ಮಡಿಲ ಮೇಲೆಲ್ಲ ಸುರಿದವು. ಅವಳು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ.

ಮರುದಿನದೊಳಗೆ ನಮ್ಮ ಕೇರಿಗೆಲ್ಲ ಸುದ್ದಿಯಾಯಿತು. ಎರಡು ವಾರ ಬಿಟ್ಟು ಅಮ್ಮನ ಮೂವರು ಗೆಳತಿಯರನ್ನು ತುಂಬಿಕೊಂಡು ಮತ್ತೆ ಹೋದೆ. ಗಂಡ ಸೊಂಟ ನೋವೆಂದು ಮನೆಯಲ್ಲೇ ಉಳಿದರು. ತೋಟದಲ್ಲಿ ಒಂದು ಎಲೆಯೂ ಉಳಿದಿರಲಿಲ್ಲ. ಊಟ ಮುಗಿದ ಮೇಲೆ ನೆಂಟರು ಬಂದಾಗ ಮನೆಯವರ ಮುಖ ಹೇಗಾಗುತ್ತದೋ, ಯಜಮಾನರ ಮುಖ ಹಾಗಾಗಿತ್ತು.

"ಇಲ್ಲ್ ಎಂತ ಇತ್ತ್? ಬರೀ ಕೋಲ್!" ಎಂದಳು ಒಬ್ಬ ಗೆಳತಿ.

ಅಮ್ಮ ಕುಗ್ಗಲಿಲ್ಲ. "ಬಂಗ್ಡೆ ಮೀನಿನ ಸೀಸನ್ ಮುಗ್ದ್ ಮೇಲ್ ಬಂದ್ ಬಂಗ್ಡೆ ಕೇಂಡ್ರೆ ಹ್ಯಾಂಗೆ?" ಎಂದು ಹೇಳಿ, ಅವರನ್ನು ಸಾಲಾಗಿ ನಿಲ್ಲಿಸಿ, ಯಾವ ಮರಕ್ಕೆ ಯಾವ ಬಣ್ಣವಿತ್ತೆಂದು ಒಂದೊಂದಾಗಿ ಬೊಟ್ಟು ಮಾಡಿ ತೋರಿಸುತ್ತಾ ನಡೆದಳು. ಅವರೂ ತಲೆ ಎತ್ತಿ ಬೋಳು ಕೊಂಬೆಗಳನ್ನು ನೋಡುತ್ತಾ "ಹೌದಾ, ಹೌದಾ" ಎನ್ನುತ್ತಾ ಹಿಂದೆಯೇ ಹೋದರು.